ತಲೆ ಸಿಕ್ಕಿಲ್ಲ

ಮಲ್ಪೆ ಬಂದರಿನ ಹಿಂದೆ, ಐಸ್ ಪ್ಲಾಂಟಿನ ಬಗಲಿಗೆ
ನಮ್ಮ ದೋಣಿ ಶೆಡ್ಡು.
ಮೂವತ್ತೆರಡು ಅಡಿಯದ್ದು ಮಾಡಿದ್ದೇನೆ, ನಲ್ವತ್ತರದ್ದೂ.
ಕುತ್ತಿಗೆ ಮಾತ್ರ ಇದೇ ಮೊದಲು.

ಚಿತ್ರ ಹಿಡಿದು ಬಂದವರು ಮಂಗಳೂರು ಮ್ಯೂಸಿಯಮ್ಮಿನ
ಎವ್ಲಿನ್ ಮೇಡಂ.
‘ಸೊಪ್ಪು ತಿನ್ನುವ ಪ್ರಾಣಿ’ ಅಂದರು, ಸಮಾಧಾನ ಹೇಳುವ ಹಾಗೆ.
ನಾನು ಅಳತೆ ಕೇಳಿದೆ. ಸಿಕ್ಕಿದ್ದೆಷ್ಟು ಅಂದರೆ
ನರ್ಮದೆಯ ಆಚೆ ಎಲ್ಲೋ ಒಂದು ಗುಡ್ಡದಲ್ಲಿ
ಕುತ್ತಿಗೆಯ ಆರು ಮೂಳೆ, ತೊಡೆಯದ್ದೊಂದು,
ಬಾಲದ ಚೂರುಪಾರು.
ತಲೆ?
ತಲೆ ಸಿಕ್ಕಿಲ್ಲ.

ಇವುಗಳದ್ದು ಹೀಗೇ ಅಂತೆ ಮಾರಾಯ್ರೆ,
ಅಷ್ಟು ದೊಡ್ಡ ಮೈಗೆ ಇಷ್ಟೇ ಇಷ್ಟು ತಲೆ,
ಸತ್ತ ಮೇಲೆ ಮೊದಲು ಕಳಚುವುದೂ ಅದೇ.
ನೀರು ಎಳೆದುಕೊಂಡು ಹೋಗುತ್ತದೆ.
ಮೈ ಅಲ್ಲೇ ಉಳಿಯುತ್ತದೆ, ಕೋಟಿ ಕೋಟಿ ವರ್ಷ,
ಪೇಟೆಗೆ ಹೋದವರು ಬರಲಿ ಎಂದು
ಜಗಲಿಯಲ್ಲಿ ಕೂತ ಹಾಗೆ.

ದೋಣಿಗೆ ಬಗ್ಗಿಸುವ ಪಟ್ಟಿಯನ್ನೇ ಬಗ್ಗಿಸಿದೆ.
ಮ್ಯಾಟು, ರೆಸಿನ್, ಮತ್ತೆ ಮ್ಯಾಟು.
ತೋಮ ಕುಂದರ್ ಕುತ್ತಿಗೆಯೊಳಗೆ ತೂರಿ ಮಲಗಿ ಒಳಮೈ ತೀಡಿದ.
ಅವನ ಕೆಮ್ಮು ಇಪ್ಪತ್ತೈದು ಅಡಿ ನಡೆದು ಈಚೆ ಬರುತ್ತಿತ್ತು.
‘ಎಂತದಾ, ನುಂಗಿತಾ?’ ಅಂದೆವು.
ನಗು ಬಂದದ್ದೂ ತಡವಾಗಿಯೇ.

ಕಮಿಟಿಯವರಿಗೆ ಕುತ್ತಿಗೆ ಮೇಲೆ ಬೇಕು, ರಸ್ತೆಗೆ ಕಾಣಬೇಕು.
ಮೇಡಂ ಬೇಡ ಅಂದರು, ಅಡ್ಡಕ್ಕೇ ಇರಲಿ,
ಅಷ್ಟೆತ್ತರಕ್ಕೆ ರಕ್ತ ಏರಿಸುವುದು ಯಾವ ಎದೆಗೂ ಸುಲಭವಲ್ಲ.
ಆ ಮಾತು ನನಗೆ ಹಿಡಿಸಿತು. ಯಾಕೆಂದು ಗೊತ್ತಿಲ್ಲ.

ಒಂದು ಸಂಜೆ ಪಡುವಣಕ್ಕೆ ಕೈ ತೋರಿಸಿದರು.
ತೋನ್ಸೆಪಾರಿನ ಕಂಬಗಲ್ಲು ಇನ್ನೂ ಕುದಿಯುತ್ತಿದ್ದಾಗ
ಇಂಥವು ಎಲ್ಲೋ ಮೇಯುತ್ತಿದ್ದವಂತೆ.
ಅಲ್ಲಿ ಕಡಲಿರಲಿಲ್ಲ, ನೆಲವಿತ್ತು. ಸೀಳಿತು.
ಒಂದು ತುಂಡು ಆಫ್ರಿಕಾದ ಬದಿಗೇ ನಿಂತಿತು, ನಾವು ಹೊರಟೆವು.
ಕಾಲು ಈಚೆ, ಬಾಯಿ ಆಚೆಯ ಮರದಲ್ಲಿ
ಇಟ್ಟುಕೊಂಡೇ ಒಂದು ನಿಂತಿದ್ದಿರಬೇಕು
(ಇದು ಮೇಡಂ ಹೇಳಿದ್ದಲ್ಲ, ನಾನೇ ಸೇರಿಸಿದ್ದು).

ಹಾಗಾದರೆ ನಮ್ಮಲ್ಲೂ ಎಲುಬು ಇರಬೇಕಲ್ಲ?
ಮುರಕಲ್ಲು ಎಲುಬು ಉಳಿಸುವುದಿಲ್ಲ ಅಂದರು.
ಅದು ನನಗೂ ಗೊತ್ತು.
ನಾಯಿ ಹುಗಿದಲ್ಲಿ ಬಾವಿ ತೋಡಿದಾಗ
ಸಿಕ್ಕಿದ್ದು ಬೆಲ್ಟಿನ ಬಕ್ಕಲು, ಅಷ್ಟೆ.

ತಲೆಗೆ ಬಂದಾಗ ಕೈ ನಿಂತಿತು.
ದನದ್ದು ಮಾಡಿದರೆ ದನ. ಓತಿಯದ್ದು ಮಾಡಿದರೆ ಸಿನಿಮಾ.
ಇದು ಅಗಿಯುವುದಿಲ್ಲವಂತೆ,
ಕಡ್ಡಿಯಂಥ ಹಲ್ಲಿನಲ್ಲಿ ಎಳೆದು ಹಾಗೇ ನುಂಗುವುದಂತೆ.
ಆಗ ನೆನಪಾದಳು ಕರ್ಗಿ ಅಜ್ಜಿ.
ಹಲ್ಲಿಲ್ಲ, ಬಸಳೆ ಪದಾರ್ಥ ಇಡಿಯಾಗಿ ನುಂಗಿ
ಒಂದು ಗಳಿಗೆ ಎತ್ತಲೋ ನೋಡುವಳು,
ತುತ್ತು ಎಲ್ಲಿ ತಲುಪಿತೆಂದು
ಕೇಳಿಸಿಕೊಳ್ಳುವ ಹಾಗೆ.
ಆ ನೋಟ ಇಟ್ಟೆ.
ಮೇಡಂ ಸುಮಾರು ಹೊತ್ತು ನೋಡಿದರು.
‘ಇದಕ್ಕೆ ಪುರಾವೆ ಇಲ್ಲ’ ಅಂದರು.
ತೆಗೆಯಿರಿ ಅನ್ನಲಿಲ್ಲ.

ಕರೆಂಟು ತಂತಿಗೆ ಹೆದರಿ ರಾತ್ರಿ ಹೊರಟೆವು.
ಕುತ್ತಿಗೆ ಲಾರಿಯ ಹಿಂದೆ ಚಾಚಿ,
ತಲೆ ಇರಬೇಕಾದಲ್ಲಿ ಒಂದು ಕೆಂಪು ಬಟ್ಟೆ.
ತಲೆ ಕ್ಯಾಬಿನ್ನಿನಲ್ಲಿ, ಗೋಣಿ ಸುತ್ತಿ, ನನ್ನ ತೊಡೆಯ ಮೇಲೆ.
ಹೆಜಮಾಡಿ ಟೋಲಿನ ಹುಡುಗ ‘ಎಂತ ಲೋಡು?’ ಅಂದ.
‘ಸೊಪ್ಪು ತಿನ್ನುವ ಪ್ರಾಣಿ’ ಅಂದ ತೋಮ.
ಹುಡುಗ ರಶೀದಿ ಹರಿದು ಕೊಟ್ಟ.

ಈಗ ನಿಂತಿದೆ ಗುಡ್ಡದ ಮೇಲೆ, ಗೋಳಿಮರದ ಕಡೆಗೆ ಬಾಯಿ ಮಾಡಿ.
ಬೋರ್ಡಿನಲ್ಲಿ ಹೆಸರು, ಉದ್ದ, ಕಾಲ, ತೂಕ.
ಕೊನೆಯ ಸಾಲು: ತಲೆ ಊಹೆಯಿಂದ ಮಾಡಿದ್ದು.

ಅಲ್ಲ ಮೇಡಂ,
ಮೈ ಇಡೀ ಊಹೆ. ಬಣ್ಣ ಊಹೆ. ಕಾಲು ಚಿತ್ರ ನೋಡಿ ಮಾಡಿದ್ದು.
ಇಡೀ ಪ್ರಾಣಿಯಲ್ಲಿ ನಾನು ಕಣ್ಣಾರೆ ಕಂಡದ್ದು
ತಲೆ ಒಂದೇ.

ಹೇಳಬೇಕೆಂದು ತಿರುಗಿದೆ.
ತೋಮ ಲಾರಿಯಲ್ಲಿ ಹಾರ್ನ್ ಹೊಡೆಯುತ್ತಿದ್ದ.