ಸಾವಿರಕ್ಕೆ ಹದಿನೆಂಟು

ಮಾಂಟೆವಿಡಿಯೊ. ಹೀಟರು ಕೆಟ್ಟ ಜುಲೈ.
ಪಿಂಚಣಿ ಕಚೇರಿಯಲ್ಲಿ ಕಿಟಕಿ ತಪ್ಪಿ
ನನ್ನ ಮೇಜಿಗೇ ಬಂದ
ಬಂದರಿನ ಕ್ರೇನಿಂದ ಇಳಿದ ವಿಲ್ಮಾರ್:
"ಯಾರು ಯಾವಾಗ ಸಾಯ್ತಾರೆ ಅಂತ
ಬರೆಯೋಳು ನೀನೇ ಅಂತೆ. ನಂದು ಹೇಳು."

ನಿನ್ನದು ಗೊತ್ತಿಲ್ಲ, ಅಂದೆ.
ನಿನ್ನ ವಯಸ್ಸಿನ ಸಾವಿರದಲ್ಲಿ
ಬರುವ ಜುಲೈಗೆ ಹದಿನೆಂಟು ಕುರ್ಚಿ ಖಾಲಿ.
ಯಾವ ಕುರ್ಚಿ, ಕೋಷ್ಟಕಕ್ಕೆ ಕಣ್ಣಿಲ್ಲ.

ಮಾಟೆ ಚಹ ಹೀರಿ, ಬೆರಳು ಮಡಚಿ,
"ಹಾಗಾದರೆ ಉಳಿದವರಿಗೆ ದುಡ್ಡು ಇಟ್ಟಿದ್ದೀಯ?"

ಇಡುವವಳು ನಾನಲ್ಲ.
ಇವತ್ತು ಬೆಳಿಗ್ಗೆ ನಿನ್ನ ಕ್ರೇನು ಹತ್ತಿದಳಲ್ಲ, ಆ ಹುಡುಗಿ.
ಎಷ್ಟು ಸಾಲದು ಅಂತ ಹೇಳುವುದಷ್ಟೇ ನನ್ನ ಕೆಲಸ;
ಮೂರು ಸರ್ಕಾರಕ್ಕೆ ಹೇಳಿದೆ,
ಎರಡಕ್ಕೆ ಕಿವಿ ಕೇಳಿಸಲಿಲ್ಲ.

ಸಂಜೆ ಅರವತ್ತೆಂಟನೆಯ ಸಾಲಿನ ಮೇಲೆ
ಪೆನ್ಸಿಲು ತುಸು ನಿಂತಿತು.
ಹದಿನೆಂಟನ್ನು ಹದಿನೇಳು ಮಾಡಲಿಲ್ಲ.