ಲಾರಿಗೆ ಒಂದು ಟಿಕೆಟ್

ಝಾದರ್ ಬಂದರಿನ ನಮ್ಮ ಕಚೇರಿಗೆ
ಅವಳು ಬಂದದ್ದು ದೂರು ಕೊಡಲಿಕ್ಕಲ್ಲ, ಲೆಕ್ಕ ಒಪ್ಪಿಸಲಿಕ್ಕೆ.
ಯಾಗೊದಾ. ಎದುರು ದ್ವೀಪದ ಶಾಲೆಯಲ್ಲಿ ಗಣಿತದ ಟೀಚರು.
ಬಿಳಿ ಕೋಲನ್ನು ಮಡಚಿ ಮಡಿಲಲ್ಲಿಟ್ಟುಕೊಂಡು
ಚೀಲದಿಂದ ಮೂರು ಕಾಗದ ತೆಗೆದು ಮೇಜಿಗೆ ಹಾಕಿದಳು,
ಇಸ್ಪೀಟಿನಲ್ಲಿ ಗೆದ್ದವರು ಎಲೆ ಬಿಚ್ಚುವ ಹಾಗೆ.

"ಮಾರ್ಚಿಯಿಂದೀಚೆಗೆ ನಿಮ್ಮ ವೆಬ್‌ಸೈಟಿನಲ್ಲಿ
ಮೂರು ಸಲ ಟಿಕೆಟ್ ಕೊಂಡೆ.
ಮೂರು ಸಲವೂ ನಾನು ಲಾರಿ.
ಏಳು ಮೀಟರಿಗಿಂತ ಉದ್ದ, ಸರಕು ತುಂಬಿದ್ದು.
ಮೊದಲ ಸಲ ಹಡಗುಕಟ್ಟೆಯ ಶಿಮೆ ಗಾಬರಿಯಾದ.
ಈಗ ದೂರದಿಂದಲೇ ಕೂಗುತ್ತಾನೆ:
ದಾರಿ ಬಿಡಿ, ದಾರಿ ಬಿಡಿ, ಲಾರಿ ಬರ್ತಾ ಇದೆ!"

ನಾವು ನಕ್ಕೆವು. ಅವಳೂ ನಕ್ಕಳು.
ಮೊದಲು ನಿಲ್ಲಿಸಿದ್ದು ಅವಳು.

ಆ ಪುಟ ಕಟ್ಟಿದವನು ನಾನು.
ಪ್ರಯಾಣಿಕನಿಗೊಂದು ಪುಟ್ಟ ಚಿತ್ರ, ಸೈಕಲ್ಲಿಗೊಂದು,
ಕಾರಿಗೊಂದು, ಲಾರಿಗೊಂದು.
ಅಕ್ಷರದ ಗಲೀಜೇ ಇಲ್ಲ ಎಂದು
ತಿಹೊಮಿರ್ ಸಾಹೇಬರು ಬೆನ್ನು ತಟ್ಟಿದ್ದರು.

ಅವಳು ಫೋನನ್ನು ಮೇಜಿನ ಮೇಲಿಟ್ಟು ಓದಿಸಿದಳು.
ಬಾಣಲೆಯಲ್ಲಿ ಸಾಸಿವೆ ಸಿಡಿದ ವೇಗ.
ನಮಗಾಗಿ ನಿಧಾನ ಮಾಡಿದಳು:
ಗುಂಡಿ. ಗುಂಡಿ. ಗುಂಡಿ. ಗುಂಡಿ.
ಚಿತ್ರ, ಐದು ಎಂಟು ಸೊನ್ನೆ ಎರಡು, ಅಂತಿಮ, ನಿಜವಾಗಿಯೂ ಅಂತಿಮ.
ಗುಂಡಿ.

ಹೆಸರಿದ್ದರೆ ಒತ್ತುವ ಗುಂಡಿ,
ಇಲ್ಲದಿದ್ದರೆ ಬೀಳುವ ಗುಂಡಿ.
ಸಾಲಾಗಿ ತೋಡಿ, ಆನೆ ಹಿಡಿಯುವವರು
ಸೊಪ್ಪು ಹಾಸುವಂತೆ
ಮೇಲೆ ಚಂದದ ಚಿತ್ರ ಹಾಸಿದ್ದೆ.

"ಅಂಥವರು ಎಷ್ಟು ಜನ ಇದ್ದಾರು?" ಎಂದರು ತಿಹೊಮಿರ್,
ನನ್ನ ಕಿವಿಯಲ್ಲಿ, ಅವಳಿಗೆ ಕೇಳಿಸದ ಹಾಗೆ.
ಕೇಳಿಸದಿರುತ್ತದೆಯೇ.
"ಅರ್ಧಕ್ಕೆ ಕೈಬಿಟ್ಟವರು ನಿಮ್ಮ ಲೆಕ್ಕಕ್ಕೆ ಹೇಗೆ ಸಿಗುತ್ತಾರೆ ಸರ್?
ಸಿಗುವವರು ಕೊಂಡವರು ಮಾತ್ರ.
ಬೇಕಾದರೆ ನನ್ನನ್ನೇ ಹುಡುಕಿ ನೋಡಿ,
ಲಾರಿಗಳ ಪಟ್ಟಿಯಲ್ಲಿರುತ್ತೇನೆ."

ಆ ರಾತ್ರಿ ಬೂರಾ ಗಾಳಿ ಕಿಟಕಿ ಅಲ್ಲಾಡಿಸುತ್ತಿತ್ತು.
ಮೌಸು ಕಿತ್ತು ಡ್ರಾಯರಿಗೆ ಹಾಕಿದೆ, ಪರದೆ ಆರಿಸಿದೆ,
ಟ್ಯಾಬ್ ಕೀಲಿಯೊಂದನ್ನೇ ನಂಬಿ ಹೊರಟೆ.
ನಲವತ್ತೊಂದು ಸಲ ಒತ್ತಿದರೂ
ಹೊಸಿಲು ದಾಟಿರಲಿಲ್ಲ. ನಾನೇ ಕಟ್ಟಿದ ಮನೆ.
ಅವಳ ಕಷ್ಟ ಅರ್ಥವಾಯಿತು ಅಂತಲ್ಲ;
ನಾನು ಬೇಕೆಂದಾಗ ಪರದೆ ಹಚ್ಚಬಲ್ಲವನು.
ಹಚ್ಚಿದೆ ಕೂಡ.

ಆಮೇಲೆ ಒಂದೊಂದಕ್ಕೇ ಹೆಸರಿಡುತ್ತಾ ಕೂತೆ.
ಪ್ರಯಾಣಿಕ. ಸೈಕಲ್. ಹಿಂದಕ್ಕೆ. ಹಣ ಕೊಡಿ.
ಪುಟದ ನೆತ್ತಿಯ ಮೇಲೆ ಕಡಲಿನ ದೊಡ್ಡ ಫೋಟೋ.
ಅದಕ್ಕೆ ಬರೆದೆ: ಇಳಿಬಿಸಿಲಿಗೆ ತಾಮ್ರದ ತಟ್ಟೆಯಾದ ನೀರು,
ಅಂಚಿನಲ್ಲಿ ಮನಸ್ಸು ಬದಲಿಸುತ್ತಿರುವ ಒಂದು ದೋಣಿ.
ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ.
"ಚೆನ್ನಾಗಿದೆ," ಎಂದಳು. "ನನಗೆ ಆರೂವರೆಯ ಹಡಗು ಬೇಕು.
ಈ ಚಿತ್ರಕ್ಕೆ ಅಲ್ಲಿ ಕೆಲಸವಿಲ್ಲ ಅಂದಮೇಲೆ ಬಾಯಿಯೂ ಬೇಡ."

ಅಳಿಸಿದೆ.
ಎರಡು ಉದ್ಧರಣ ಚಿಹ್ನೆ, ನಡುವೆ ಏನೂ ಇಲ್ಲ.
ನಾನು ಬರೆದ ಅತಿ ಚಿಕ್ಕ ಸಾಲು.
ಒಂದು ಗಂಟೆ ಹಿಡಿಯಿತು.

ಗುಂಡಿಗಳನ್ನು ಹೆಬ್ಬೆರಳಿನಗಲ ಮಾಡಿದ ವಾರ
ಕಟ್ಟೆಯಲ್ಲಿ ಶಿಮೆ ನನ್ನನ್ನು ತಡೆದು ನಿಲ್ಲಿಸಿದ.
ಎರಡೂ ಕೈ ಜೇಬಿನಲ್ಲಿ. ಯಾವಾಗಲೂ ಹಾಗೇ ಅಲ್ಲವೇ?
ಹೊರಗೆ ತೆಗೆದು ತೋರಿಸಿದ. ನಡುಗುತ್ತಿದ್ದವು.
"ಹೆಂಡತಿಯ ಆಸ್ಪತ್ರೆ ಟಿಕೆಟ್ಟಿಗೆ ಇಷ್ಟು ದಿನ
ಪಕ್ಕದ ಮನೆ ಹುಡುಗನನ್ನು ಬೇಡುತ್ತಿದ್ದೆ.
ನಿನ್ನೆ ನಾನೇ ತೆಗೆದೆ."
ಹನ್ನೆರಡು ವರ್ಷ ನಮ್ಮ ಸಂಬಳ ತಿಂದವನು.
ತಿಹೊಮಿರ್ ಕೇಳಿದ್ದರಲ್ಲ, ಎಷ್ಟು ಜನ ಎಂದು.

ಶನಿವಾರ ಯಾಗೊದಾ ಕೊಂಡಳು:
ಪ್ರಯಾಣಿಕರು, ಒಬ್ಬರು.
ಶಿಮೆ ಟಿಕೆಟ್ ತಿರುಗಿಸಿ ಮುರುಗಿಸಿ ನೋಡಿ
"ಲಾರಿ ಎಲ್ಲಮ್ಮಾ?" ಎಂದನಂತೆ.
"ಮಾರಿಬಿಟ್ಟೆ."

ಹಡಗು ಇನ್ನೂ ಬಿಟ್ಟಿರಲಿಲ್ಲ, ನನ್ನ ಫೋನು ಗುನುಗಿತು.
ಹಿಂದೆ ಇಂಜಿನ್ನು, ಸೀಗಲ್ಲು, ಯಾರದೋ ಮಗು.
"ರದ್ದು ಮಾಡುವ ಗುಂಡಿಗೆ ಇನ್ನೂ ಹೆಸರಿಟ್ಟಿಲ್ಲ ನೀವು.
ಸೋಮವಾರ ಬರಲೇ?"