ಪಟ್ಟಿ ಬಿಚ್ಚಬೇಡ

ಬೈತಖೋಲ ಬಂದರದಲ್ಲಿ ಬಲೆ ಹೊಲಿಯುವ ಕೈ ನನ್ನದು.
ಪುಂಡಲೀಕನ ಮುಷ್ಟಿಗೆ ಪಟ್ಟಿ ಸುತ್ತುವುದೂ ಇದೇ ಕೈ:
ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ನಾಲ್ಕು,
ಬೆರಳ ಸಂದಿಗೊಂದೊಂದು, ಹೆಬ್ಬೆರಳಿಗೆ ಬೀಗ.
ಬಲೆಯ ಗಂಟು ಮೀನಿಗೆ ತಿಳಿಯಬಾರದು,
ಪಟ್ಟಿಯ ಗಂಟು ಮೂಳೆಗೆ.

ತೊಂಬತ್ತೆಂಟು ಕೇಜಿ. ಆ ತೂಕಕ್ಕೆ
ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ.
ಎದುರು ನಿಲ್ಲಲು ಆಳು ಸಿಗದೆ
ಹರಿದ ಟ್ರಾಲರ್ ಬಲೆ ತುಂಬಿ ಚೀಲ ಹೊಲಿದುಕೊಟ್ಟೆ.
ಐಸ್ ಫ್ಯಾಕ್ಟರಿಯ ತೊಲೆಗೆ ತೂಗುಬಿಟ್ಟ ದಿನ
ಒಳಗಿಂದ ಒಣ ಏಡಿಯೊಂದು ಉದುರಿತು.
ನೋಡಿ ನಕ್ಕ. ಆಮೇಲೆ ಹೊಡೆದ.

ಎರಡು ಮಳೆಗಾಲದ ಹಿಂದೆ ವಿಂಚಿನ ತಂತಿ ಹರಿದು
ಬಲದೊಡೆ ಎರಡು ಕಡೆ ಮುರಿಯಿತು.
ನಮ್ಮೂರಲ್ಲಿ ಅಂಥ ಆಸ್ಪತ್ರೆ ಎಲ್ಲಿ;
ಗಡಿ ದಾಟಿ ಬಾಂಬೋಳಿಗೆ.
ಕಾಣಕೋಣದ ತಿರುವಿನಲ್ಲಿ ಅವನು ಕೇಳಿದ್ದು ಒಂದೇ:
ಕಾಲಿದೆಯೋ?
ಇದೆ ಎಂದೆ. ನೋಡಿರಲಿಲ್ಲ.

ಈಗ ತೊಡೆಯೊಳಗೊಂದು ಸರಳು.
ಗುತ್ತಿಗೆ ಕೆಲಸಕ್ಕೆ ಹೋದರೆ ಅರಗಾ ಗೇಟಿನ ಯಂತ್ರ
ದಿನಾ ಕೂಗುತ್ತದೆ. ಡಾಕ್ಟರ ಚೀಟಿ ತೋರಿಸುತ್ತಾನೆ,
ಮಡಚಿ ಮಡಚಿ ಬಟ್ಟೆಯಂತಾದ ಚೀಟಿ.
ಹೊಸ ಕಾವಲಿನವ ಬಂದಾಗಲೆಲ್ಲ
ಕಥೆ ಮೊದಲಿನಿಂದ.

ಓಡಿದ. ಮೊದಲು ನಡೆದ ಎನ್ನಿ.
ಕೋಡಿಬಾಗದಿಂದ ಕಾಳಿ ಸೇತುವೆಗೆ, ನಾನು ಸೈಕಲ್ಲಿನಲ್ಲಿ ಹಿಂದೆ.
ಬಲಗಾಲು ಅರ್ಧ ಬೆರಳು ಗಿಡ್ಡ;
ಹಳೇ ಚಪ್ಪಲಿಯ ಹಿಮ್ಮಡಿ ಕತ್ತರಿಸಿ ಬೂಟಿನೊಳಗಿಟ್ಟೆ.
ಪಕ್ಕದಲ್ಲಿ ಬಿದ್ದುಹೋದ ಹಳೆಯ ಸೇತುವೆ.
ಅವನು ಆ ಕಡೆ ನೋಡಲಿಲ್ಲ. ನಾನು ನೋಡಿದೆ,
ದೊಡ್ಡ ಅರ್ಥವೇನೂ ಅಲ್ಲ,
ಕಂಬದ ಮೇಲೆ ನೀರುಕಾಗೆ ರೆಕ್ಕೆ ಒಣಗಿಸುತ್ತಿತ್ತು.

ಹೊಡೆತಕ್ಕೆ ಅವನೆಂದೂ ಹೆದರಿದವನಲ್ಲ.
ಹೆದರಿದ್ದು ಬೀಳುವುದಕ್ಕೆ.
ಬಚ್ಚಲಲ್ಲೂ ಗೋಡೆ ಬಿಡುವುದಿಲ್ಲ ಎಂದಿದ್ದಳು ಸುಗಂಧಿ,
ಅವನ ಹೆಂಡತಿ, ಬಂಗಡೆ ಎಣಿಸುತ್ತ, ತಲೆಯೆತ್ತದೆ.

ಮಾಲಾದೇವಿ ಮೈದಾನ, ಭಾನುವಾರ, ನಾಲ್ಕು ಗಂಟೆ.
ಬೆಳಗಾವಿಯಿಂದ ಬರಬೇಕಾದವ ಬರಲಿಲ್ಲ.
ಜ್ವರವಂತೆ.
ರೆಫರಿ ಪುಂಡುವಿನ ಕೈ ಎತ್ತಿದ, ಮೈಕು 'ವಾಕ್‌ಓವರ್' ಎಂದಿತು,
ಜನ ಚಪ್ಪಾಳೆ ತಟ್ಟಿ ಚಹಾಕ್ಕೆ ಎದ್ದರು.
ಎರಡು ವರ್ಷಕ್ಕೆ ಒಂದು ಜ್ವರ.

ಕತ್ತರಿ ತೆಗೆದೆ.
ಪಟ್ಟಿ ಬಿಚ್ಚಬೇಡ ಎಂದ.

ಸದಾಶಿವಗಡದ ನೌಶಾದ್, ಎಂಬತ್ತು ಕೇಜಿ,
ಬೆಳಿಗ್ಗೆ ಸೋತು ಕಾಲು ಚಾಚಿ ಕೂತಿದ್ದ ಹುಡುಗ.
ಬಾರೋ, ಮೂರು ಸುತ್ತು. ಗೆಲುವಿಲ್ಲ, ಸೋಲಿಲ್ಲ.
ಕನಿಕರ ಮಾಡಿದೆಯೋ, ಆಮೇಲೆ ನೋಡು.

ಹುಡುಗ ಕನಿಕರ ಮಾಡಲಿಲ್ಲ.
ಎರಡನೇ ಸುತ್ತಿನಲ್ಲಿ ಪಕ್ಕೆಲುಬಿಗೊಂದು, ದವಡೆಗೊಂದು,
ಬಲಗಾಲು ಒಂದು ಗಳಿಗೆ ತಡವಾಗಿ ಬಂತು,
ತೊಂಬತ್ತೆಂಟು ಕೇಜಿಯೂ ನೆಲಕ್ಕೆ.

ರೆಫರಿ ಇನ್ನೂ ಚಹಾದಲ್ಲಿ. ಎಣಿಸಿದ್ದು ನಾನೇ.
ಏಕ್. ದೋನ್.
ತೀನ್ ಎನ್ನುವಾಗ ಅವನು ಅಂಗಾತ ಬಿದ್ದು ಆಕಾಶ ನೋಡುತ್ತಿದ್ದ,
ಬಾಡಿಗೆ ಮನೆ ನೋಡಲು ಬಂದವನಂತೆ.
ಚ್ಯಾರ್. ಎಡ ಮೊಣಕಾಲು.
ಪಾಂಚ್. ಬಲತೊಡೆಯನ್ನು ತಟ್ಟಿದ,
ಮಲಗಿದ ಎತ್ತನ್ನು ಎಬ್ಬಿಸುವ ಹಾಗೆ.
ಆರು ಹೇಳಲು ಮರೆತೆ. ಸಾತ್.
ಎಂಟಕ್ಕೆ ಮೊದಲೇ ನಿಂತಿದ್ದ.

ನೌಶಾದನ ಕಣ್ಣಲ್ಲಿ ನೀರು: ತಪ್ಪಾಯ್ತು ಅಣ್ಣಾ.
ಪುಂಡು ಬಾಯಿಂದ ಗಾರ್ಡು ಉಗಿದು ನಕ್ಕ:
ಬಿದ್ದೆನಲ್ಲೋ!
ಹಗ್ಗದಾಚೆ ಬಾಗಿ, ಕಡಲೆ ಮಾರುವವನನ್ನೂ ಬಿಡದೆ,
ಲಾಟರಿ ಹೊಡೆದವನಂತೆ ಹೇಳಿದ,
ನೋಡಿದ್ರಾ, ಬಿದ್ದೆ.

ಮೂರನೇ ಸುತ್ತು ಚೆನ್ನಾಗಿರಲಿಲ್ಲ.
ಇಬ್ಬರೂ ದಣಿದು ಅಪ್ಪಿಕೊಂಡೇ ನಿಂತಿದ್ದರು.

ರಾತ್ರಿ ಪಟ್ಟಿ ಒಗೆದು ಬಲೆಯ ಮೇಲೆ ಹರವಿದೆ.
ನಾಳೆ ಏಳಕ್ಕೆ ಅವನಿಗೆ ಕೆಲಸ.
ಚೀಲ ಕೊಡವಿದರೆ ಕತ್ತರಿಯ ಜೊತೆ ಆ ಚೀಟಿ,
ಇಲ್ಲೇ ಮರೆತು ಹೋಗಿದ್ದಾನೆ.
ಕೊಟ್ಟು ಬರಬೇಕು. ಬೆಳಗಾಗಲಿ.